ಫಳಫಳ ಲಾಂಡ್ರಿಯ ಕೊಳೆಕಲ್ಲು

ಗಾಜಿನ ನಳಿಕೆಯಲ್ಲಿದ್ದ ನೀರು ಮತ್ತೆ ಹಸಿರಾಗಿತ್ತು. ಹಸಿರು ಎಂದರೆ ಕಣ್ಣಿಗೆ ತಂಪು ಕೊಡುವ ಹುಲ್ಲಿನ ಹಸಿರಲ್ಲ, ಪಾಚಿ ಹಿಡಿದ ಬಚ್ಚಲಿನ ಹಸಿರು. ಲಾಂಡ್ರಿಯ ಯಜಮಾನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ, ತಿರುಗಿಸಿದ, ಕನ್ನಡಕ ಹಾಕಿಕೊಂಡು ನೋಡಿದ, ತೆಗೆದು ನೋಡಿದ. ಹೇಗೆ ನೋಡಿದರೂ ಅದು ಹಳದಿಗೆ ತಿರುಗುವ ಲಕ್ಷಣ ಕಾಣಲಿಲ್ಲ. ನಳಿಕೆ ಹಳದಿಯಾದರೆ ಮೀನಿನ ತೊಟ್ಟಿಯಲ್ಲಿ ಅಮೋನಿಯಾ ಇಲ್ಲ, ಮೀನುಗಳು ಕ್ಷೇಮ. ಹಸಿರಾದರೆ ಅಮೋನಿಯಾ ಇದೆ, ಮೀನುಗಳ ಜೀವಕ್ಕೆ ಕುತ್ತು. ಈ ಕಟ್ಟಳೆಯೇ ಅವನಿಗೆ ಮಹಾ ಅನ್ಯಾಯವೆನಿಸುತ್ತಿತ್ತು. ಬುದ್ಧಿ ಬಂದಾಗಿನಿಂದ ಅಂಗಿಯ ಕಾಲರಿನ ಹಳದಿಯ ಜೊತೆ ಯುದ್ಧ ಮಾಡಿಕೊಂಡು ಬಂದ ಮನುಷ್ಯ, ಈಗ ದಿನ ಬೆಳಗಾದರೆ ಹಳದಿಯೇ ಬಾರಪ್ಪ ಎಂದು ಕೈಮುಗಿದು ನಿಲ್ಲಬೇಕಾಗಿತ್ತು.

"ಯಾರೋ ಈ ನೀರಿಗೆ ಏನೋ ಹಾಕ್ತಿದಾರೆ," ಎಂದು ಅವನು ತೀರ್ಪು ಕೊಟ್ಟ.

ಹೆಂಡತಿ ಊಟದ ಮೇಜಿನ ಮೇಲೆ ಬಟಾಣಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು, "ಮನೇಲಿ ಇರೋದು ಮೂರು ಜನ. ನೀವಂತೂ ಹಾಕಿಲ್ಲ, ನಾನೂ ಹಾಕಿಲ್ಲ. ಇನ್ನು ಉಳಿದೋರು ನಮ್ಮಪ್ಪ. ಮುಂದೆ ಹೇಳಿ, ಏನು ಹೇಳ್ಬೇಕು ಅಂತಿದೀರಿ?"

ಹೇಳುವುದೇನೂ ಇಲ್ಲ, ಸುಮ್ಮನೆ ಅಂದೆ ಎಂದು ಅವನು ಮೆಲ್ಲಗೆ ಜಾರಿಕೊಂಡ. ಹೆಂಡತಿಯ ತಂದೆಯ ವಿಷಯದಲ್ಲಿ ಬಾಯಿ ಬಿಡುವ ಮುಂಚೆ ನಾಲಿಗೆಯನ್ನು ಹಲ್ಲಿನ ಹಿಂದೆ ಎರಡು ಸಲ ಸುತ್ತಿಸಬೇಕು ಎನ್ನುವಷ್ಟು ಸಂಸಾರಜ್ಞಾನ ಅವನಿಗಿತ್ತು. (ಅದೊಂದೇ ವಿಷಯದಲ್ಲಿ. ಮಿಕ್ಕ ವಿಷಯಗಳಲ್ಲಿ ಅವನ ನಾಲಿಗೆಗೆ ಹಲ್ಲು ಎಂಬ ಬಾಗಿಲು ಇದ್ದಂತೆಯೇ ಕಾಣುತ್ತಿರಲಿಲ್ಲ.)

ಅವನ ಅಂಗಡಿಯ ಹೆಸರು 'ಫಳಫಳ ಲಾಂಡ್ರಿ'. ಬೀದಿಯವರೆಲ್ಲ ಅಂಗಡಿಯ ಹೆಸರನ್ನೇ ಯಜಮಾನನಿಗೂ ಅಂಟಿಸಿ ಅವನನ್ನು ಫಳಫಳ ಎಂದೇ ಕರೆಯುತ್ತಿದ್ದರು, ಅವನಿಗೂ ಅದರಲ್ಲಿ ಹೆಮ್ಮೆಯೇ. ಎಣ್ಣೆ, ಶಾಯಿ, ಗ್ರೀಸು, ತುಕ್ಕು, ಮಕ್ಕಳ ಮೂಗು, ದೊಡ್ಡವರ ಬೆವರು, ಯಾವ ಕಲೆಯೂ ಅವನ ಕೈಯಲ್ಲಿ ಜೀವಸಹಿತ ಉಳಿದದ್ದಿಲ್ಲ. ಬೇರೆಯವರ ಮನೆಗೆ ಹೋದರೆ ಮುಖ ನೋಡುವ ಮೊದಲು ಪರದೆ ನೋಡುವ ಜಾತಿ ಅವನದು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಅವನು ಮೊದಲು ಕಂಡದ್ದು ಆಕೆಯ ತೋಳಿನ ಮೇಲಿದ್ದ ಮಸಿ ಗುರುತನ್ನು, ಅದು ನಿಂಬೆಹುಳಿಗೆ ಹೋಗುತ್ತದೆ ಎಂದು ಹೇಳಿದ್ದೇ ಅವರಿಬ್ಬರ ಮೊದಲ ಮಾತು. ಆಕೆ ಅದನ್ನು ಇವತ್ತಿಗೂ ಮರೆತಿಲ್ಲ, ಕ್ಷಮಿಸಿಯೂ ಇಲ್ಲ.

ಇನ್ನೊಂದು ಗುಣವೂ ಅವನಲ್ಲಿತ್ತು. ಯಾರ ಮಾತನ್ನೂ ಕೊನೆಯವರೆಗೆ ಕೇಳುವುದು ಅವನಿಂದಾಗುತ್ತಿರಲಿಲ್ಲ. ಗಿರಾಕಿ "ಈ ಅಂಗಿ..." ಎನ್ನುವಷ್ಟರಲ್ಲಿ "ಗೊತ್ತಾಯ್ತು ಬಿಡಿ, ಶುಕ್ರವಾರ ಬನ್ನಿ" ಎಂದುಬಿಡುವನು. ಅಂಗಿಯನ್ನು ಒಗೆಯಬೇಡಿ, ಗುಂಡಿ ಮಾತ್ರ ಹಾಕಿಕೊಡಿ ಎಂದು ಹೇಳಲು ಬಂದ ಗಿರಾಕಿಗಳೂ ಶುಕ್ರವಾರ ಬಂದು ಗುಂಡಿಯಿಲ್ಲದ ಶುಭ್ರವಾದ ಅಂಗಿಯನ್ನು ತೆಗೆದುಕೊಂಡು ಹೋಗುತ್ತಿದ್ದರು.

ಇಂಥವನ ಮನೆಗೆ ಮಾವ ಬಂದರು, ಅವರ ಹಿಂದೆಯೇ ಉಪ್ಪುನೀರಿನ ಮೀನುತೊಟ್ಟಿಯೂ ಬಂತು.

ಮಾವ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮಗಳ ಬಾಲ್ಯವೆಲ್ಲ ಅಪ್ಪ ಬರುವ ದಾರಿ ಕಾಯುವುದರಲ್ಲೇ ಕಳೆದಿತ್ತು. ಬಂದ ಅಪ್ಪನ ಗಡ್ಡಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಅವರು ಮತ್ತೆ ಹಡಗು ಹತ್ತಿರುತ್ತಿದ್ದರು. ಈಗ ಕಡೆಗೂ ಅಪ್ಪ ದಡಕ್ಕೆ ಬಂದಿದ್ದರು, ಬಂದವರು ತನ್ನ ಮನೆಯಲ್ಲೇ ಇರಬೇಕು ಎನ್ನುವುದು ಆಕೆಯ ಆಸೆ. ಆದರೆ ಅವರಿಗೆ ಹಿರಿಯ ಮಗಳೊಬ್ಬಳಿದ್ದಳು, ಆ ಮಗಳಿಗೆ ಗಂಡನೊಬ್ಬನಿದ್ದ. ಎಂದರೆ ಫಳಫಳನ ಷಡ್ಡಕ. ಅವನ ಮನೆಯಲ್ಲೂ ಒಂದು ಉಪ್ಪುನೀರಿನ ತೊಟ್ಟಿಯಿತ್ತು. ಮಾವನನ್ನು ಕಳಿಸಿಕೊಡುವಾಗ ಆ ಷಡ್ಡಕ ನಗುತ್ತಾ ಹೇಳಿದ್ದ: ಅಲ್ಲಿ ಮೀನಿಗೆ ಒಗ್ಗದಿದ್ದರೆ ಯೋಚನೆ ಮಾಡಬೇಡಿ ಮಾವ, ಮೀನು ಸಮೇತ ಇಲ್ಲಿಗೇ ಬಂದುಬಿಡಿ. ಆ ನಗು ಫಳಫಳನ ಎದೆಯಲ್ಲಿ ಕಾಫಿಯ ಕಲೆಯ ಹಾಗೆ ಕೂತಿತ್ತು.

ತೊಟ್ಟಿಯಲ್ಲಿದ್ದದ್ದು ಎರಡೇ ಮೀನು. ಕಿತ್ತಳೆ ಮೈ, ಬಿಳಿ ಪಟ್ಟೆ. ದೊಡ್ಡದರ ಹೆಸರು ಕ್ಯಾಪ್ಟನ್, ಚಿಕ್ಕದರ ಹೆಸರು ಖಲಾಸಿ. ಈ ಜಾತಿಯಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು, ಹೆಣ್ಣು ಹೋದ ಕಡೆ ಗಂಡು ಹಿಂದೆ ಹಿಂದೆ ಹೋಗುತ್ತದೆ ಎಂದು ಮಾವ ವಿವರಿಸಿದಾಗ ಮಗಳು ಗಂಡನ ಕಡೆ ನೋಡಿ, "ಬುದ್ಧಿ ಇರೋ ಜಾತಿ," ಎಂದಳು. ಮಾವ ಮಾತು ಕಡಿಮೆಯ ಮನುಷ್ಯ. ಬೆಳಗಿನ ಚಹಾ ಲೋಟ ಹಿಡಿದು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಮೀನುಗಳ ಜೊತೆ ಮಾತ್ರ ಏನೋ ಗುಸುಗುಸು ಆಡುತ್ತಿದ್ದರು. ಮಗಳು ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೊಳಗೇ ತಣ್ಣಗಾಗುತ್ತಿದ್ದಳು.

ತೊಟ್ಟಿ ಹಜಾರದಲ್ಲಿ ನೆಲೆಗೊಂಡ ಮೊದಲ ಭಾನುವಾರವೇ ಫಳಫಳನ ಕಣ್ಣು ಅದರೊಳಗಿನ ಕಲ್ಲುಗಳ ಮೇಲೆ ಬಿತ್ತು. ಸಮುದ್ರದ ತೂತುತೂತು ಕಲ್ಲುಗಳು. ಕಂದುಬಣ್ಣ, ಅಲ್ಲಲ್ಲಿ ನೇರಳೆ, ಮೇಲೊಂದು ಲೋಳೆಯಂಥ ಪದರ. ಅವನ ಮೈಯೆಲ್ಲ ತುರಿಸತೊಡಗಿತು. ತೊಟ್ಟಿಯ ಹಿಂಭಾಗದ ಡಬ್ಬಿಯಲ್ಲಿ ನೀರು ಸೋಸುವ ಪಿಂಗಾಣಿಯ ಬಳೆಗಳಿದ್ದವು, ಅವೂ ಚಹಾದಲ್ಲಿ ಅದ್ದಿ ತೆಗೆದಂತೆ ಕಂದಾಗಿದ್ದವು. ಅತಿಥಿಗಳು ಬಂದು ಕೂರುವ ಹಜಾರದಲ್ಲಿ, ಫಳಫಳ ಲಾಂಡ್ರಿಯ ಒಡೆಯನ ಸ್ವಂತ ಮನೆಯಲ್ಲಿ, ಬೆಳಕು ಹಾಕಿ ತೋರಿಸಿಕೊಂಡು ಇಷ್ಟು ಕೊಳೆ. ಅವನು ತೋಳು ಮಡಿಸಿದ.

ಮಾವ ಕುರ್ಚಿಯಿಂದ ಅರ್ಧ ಎದ್ದು, "ಅಳಿಯಂದ್ರೇ, ಆ ಕಲ್ಲು..." ಎಂದರು.

"ಗೊತ್ತಾಯ್ತು ಬಿಡಿ ಮಾವ. ನೀವು ಆರಾಮಾಗಿ ಕೂತ್ಕೊಳ್ಳಿ. ಈ ವಯಸ್ಸಲ್ಲಿ ನಿಮಗೆ ಯಾಕೆ ಕಷ್ಟ. ನಾನಿದೀನಲ್ಲ."

ಮಾವ ಕೂತರು. ಅಳಿಯ ಕಲ್ಲುಗಳನ್ನೂ ಬಳೆಗಳನ್ನೂ ಬಕೆಟ್ಟಿಗೆ ತುಂಬಿಕೊಂಡು ಬೀದಿಯ ತುದಿಯಲ್ಲಿದ್ದ ಲಾಂಡ್ರಿಗೆ ಹೊರಟ. ಸೋಪು ಮುಟ್ಟಿಸಲಿಲ್ಲ, ಅಷ್ಟು ವಿವೇಕ ಅವನಲ್ಲಿತ್ತು. ಕಂಬಳಿ ತೊಳೆಯುವ ಕೊಳಾಯಿಯ ಜೋರು ನೀರು ಬಿಟ್ಟು, ಕಾಲರು ಉಜ್ಜುವ ಬ್ರಷ್ಷಿನಿಂದ ಒಂದೊಂದು ತೂತಿನೊಳಗೂ ಕೈಯಾಡಿಸಿದ. ಪಿಂಗಾಣಿ ಬಳೆಗಳನ್ನು ಕಾಲುಚೀಲ ಹಾಕುವ ಬಲೆಚೀಲಕ್ಕೆ ತುಂಬಿ, ರೇಷ್ಮೆ ಸೀರೆಗೆಂದೇ ಇಟ್ಟಿದ್ದ ಯಂತ್ರದಲ್ಲಿ ಹಾಕಿ ನಾಜೂಕಾಗಿ ತಿರುಗಿಸಿದ. ಕೊನೆಗೆ ಎಲ್ಲವನ್ನೂ ಮಹಡಿಯ ಬಿಸಿಲಲ್ಲಿ ಹರವಿದ. ಸಂಜೆ ಮನೆಗೆ ತಂದಾಗ ಕಲ್ಲುಗಳು ಹಲ್ಲಿನ ಹಾಗೆ ಬೆಳ್ಳಗಿದ್ದವು. ತೊಟ್ಟಿಗೆ ಜೋಡಿಸಿ ಎರಡು ಹೆಜ್ಜೆ ಹಿಂದೆ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡ. ಕ್ಯಾಪ್ಟನ್ ಒಂದು ಕಲ್ಲಿನ ಹತ್ತಿರ ಬಂದು ಮೂಸಿ ನೋಡಿ ಹಿಂದಕ್ಕೆ ಸರಿಯಿತು, ಖಲಾಸಿಯೂ ಸರಿಯಿತು. ಮಾವ ಚಹಾ ಲೋಟವನ್ನು ಕೆಳಗಿಟ್ಟರು.

ಅಂದಿನಿಂದ ಪ್ರತಿ ಭಾನುವಾರ ಈ ಶುಭ್ರತಾ ಮಹಾಭಿಯಾನ ತಪ್ಪದೆ ನಡೆಯಿತು, ಮೀನುಗಳ ಕಳೆಯೂ ತಪ್ಪದೆ ಇಳಿಯತೊಡಗಿತು. ಊಟ ಬಿಟ್ಟವು. ಮೂಲೆಯಲ್ಲಿ ನಿಂತಲ್ಲೇ ನಿಂತು ಕಿವಿರು ಪಟಪಟ ಬಡಿಯುತ್ತಿದ್ದವು. ಫಳಫಳ ಮೀನಂಗಡಿಗೆ ಓಡಿದ. ಅಂಗಡಿಯವನು ನೀರಿನಲ್ಲಿ ಅಮೋನಿಯಾ ಇರಬಹುದು, ಮೀನಿನ ಹೇಲು, ಉಳಿದ ಆಹಾರ ಕೊಳೆತರೆ ಅದು ಹುಟ್ಟುತ್ತದೆ ಎಂದು ಹೇಳಿ, ಮುಂದಕ್ಕೆ ಇನ್ನೇನೋ ಹೇಳಲು ಹೊರಟಿದ್ದ. ಇವನು "ಗೊತ್ತಾಯ್ತು ಬಿಡಿ" ಎಂದು ಪರೀಕ್ಷೆಯ ನಳಿಕೆ, ಔಷಧಿ ಬುಡ್ಡಿ, ಬಣ್ಣದ ಚೀಟಿ ತೆಗೆದುಕೊಂಡು ಬಂದುಬಿಟ್ಟ.

ಕೊಳೆತರೆ ಹುಟ್ಟುತ್ತದೆ ಎಂದಮೇಲೆ ಮದ್ದೇನು? ಇನ್ನಷ್ಟು ತೊಳೆಯುವುದು. ಭಾನುವಾರದ ಅಭಿಯಾನ ಬುಧವಾರಕ್ಕೂ ವಿಸ್ತರಿಸಿತು. ನಳಿಕೆ ಇನ್ನಷ್ಟು ಹಸಿರಾಯಿತು.

ಆಗ ಅವನೊಳಗೆ ಪತ್ತೇದಾರ ಎದ್ದು ಕೂತ. ತಾನು ಇಷ್ಟು ತೊಳೆಯುತ್ತಿದ್ದರೂ ಕೊಳೆ ಬರುತ್ತಿದೆಯೆಂದರೆ ಅದನ್ನು ಯಾರೋ ತಂದು ಹಾಕುತ್ತಿರಬೇಕು. ಮೊದಲು ಮೀನಿನ ಆಹಾರದ ಡಬ್ಬಿಯ ಮೇಲೆ ಅನುಮಾನ ಬಂತು. ಹೆಂಡತಿ ಪ್ರೀತಿ ಹೆಚ್ಚಾಗಿ ಹೆಚ್ಚು ಹಾಕುತ್ತಿದ್ದಾಳೆ ಎಂದು ಅದನ್ನು ಲಾಂಡ್ರಿಗೆ ಒಯ್ದು ಬೀಗ ಹಾಕಿಟ್ಟ. ಮೀನಿಗೆ ಊಟದ ಹೊತ್ತಾದರೆ ಮಾವ ಬೀದಿ ದಾಟಿ ಹೋಗಿ ಚಿಟಿಕೆಯಷ್ಟು ತರಬೇಕಾಯಿತು. ಆಮೇಲೆ ಹೆಂಡತಿಯ ಮುಖದ ಪೌಡರು ಗಾಳಿಯಲ್ಲಿ ಹಾರಿ ನೀರಿಗೆ ಬೀಳುತ್ತಿದೆ ಎಂದ. ಆಕೆ ಪೌಡರು ಬಿಟ್ಟಳು, ಜೊತೆಗೆ ಅವನ ಜೊತೆ ಮಾತನ್ನೂ ಎರಡು ದಿನ ಬಿಟ್ಟಳು. ಮೇಲಿನ ಮನೆಯವರು ಗೋಡೆಗೆ ಬಣ್ಣ ಹೊಡೆಸುತ್ತಿದ್ದರು, ಅವರ ಬಾಗಿಲಿಗೂ ಹೋಗಿ ನಿಂತ. ನಿಮ್ಮ ಬಣ್ಣದಿಂದ ನಮ್ಮ ಮೀನಿಗೆ ಉಸಿರು ಕಟ್ಟುತ್ತಿದೆ ಎಂದು ಅವನು ಹೇಳಿದರೆ, ನಿಮ್ಮ ಮಾತಿನಿಂದ ನಮಗೆ ಕಟ್ಟುತ್ತಿದೆ ಎಂದು ಮೇಲಿನ ಮನೆಯಾಕೆ ಹೇಳಿ ಬಾಗಿಲು ಹಾಕಿಕೊಂಡಳು.

ಈ ನಡುವೆ ಒಂದು ವಿಚಿತ್ರ ನಡೆಯುತ್ತಿತ್ತು. ತೊಳೆದ ಮರುದಿನ ಹಸಿರಾದ ನಳಿಕೆ, ಅದಾಗಿ ಒಂದೆರಡು ದಿನ ಕಳೆದ ಮೇಲೆ ತನ್ನಷ್ಟಕ್ಕೆ ತಾನೇ ಸ್ವಲ್ಪ ಹಳದಿಗೆ ವಾಲುತ್ತಿತ್ತು. ಮೀನುಗಳು ಒಂದಿಷ್ಟು ಚೇತರಿಸಿಕೊಳ್ಳುತ್ತಿದ್ದವು. ಇದು ತನ್ನ ತೊಳೆತದ ಫಲ ಎಂದು ಫಳಫಳ ತಿಳಿದು, ಅದೇ ಉತ್ಸಾಹದಲ್ಲಿ ಮತ್ತೆ ತೊಳೆಯುತ್ತಿದ್ದ.

ಮಾವ ಆಗಾಗ "ಅಳಿಯಂದ್ರೇ..." ಎಂದು ಶುರುಮಾಡುತ್ತಿದ್ದರು. ಅಲ್ಲಿಂದ ಮುಂದಕ್ಕೆ ಆ ವಾಕ್ಯಕ್ಕೆ ಬೆಳೆಯುವ ಭಾಗ್ಯವೇ ಸಿಗುತ್ತಿರಲಿಲ್ಲ. ಹಡಗಿನಲ್ಲಿ ಎಂಜಿನ್ನಿನ ಸದ್ದಿಗೆ ಹೆದರದವರು ಅಳಿಯನ ಮನೆಯಲ್ಲಿದ್ದುಕೊಂಡು ಅಳಿಯನ ಮಾತನ್ನು ತಡೆಯುವುದು ಹೇಗೆಂದು ತಿಳಿಯದೆ ಹಿಂಜರಿಯುತ್ತಿದ್ದರು.

ಕಥೆ ಬಿಗಡಾಯಿಸಿದ್ದು ಒಂದು ಭಾನುವಾರದ ಬೆಳಿಗ್ಗೆ. ಮಾವ ಸ್ನಾನಕ್ಕೆ ಹೋಗಿದ್ದರು. ಅವರ ಹೊದಿಕೆಯನ್ನು ಒಗೆಯಲು ಎತ್ತಿಕೊಳ್ಳಲು ಬಂದ ಫಳಫಳನಿಗೆ ಮಂಚದ ಕೆಳಗಿನಿಂದ ಸಣ್ಣಗೆ ಬುಳುಬುಳು ಸದ್ದು ಕೇಳಿಸಿತು. ಬಗ್ಗಿ ನೋಡಿದ. ಹಳೆಯ ಟವೆಲ್ಲಿನಡಿ ಒಂದು ಬಕೆಟ್ಟು, ಅದರೊಳಗೆ ಉಪ್ಪುನೀರು, ನೀರಿಗೆ ಗಾಳಿ ಊದುವ ಪುಟ್ಟ ಪಂಪು, ಆ ಗುಳ್ಳೆಗಳ ನಡುವೆ ಒಂದು ಕಲ್ಲು. ಅವನು ತೊಳೆದ ಕಲ್ಲಲ್ಲ. ಕಂದು, ನೇರಳೆ, ಲೋಳೆ, ಮೈತುಂಬ ಅಪ್ಪಟ ಕೊಳೆ. ಬಕೆಟ್ಟಿನ ಅಂಚಿನಲ್ಲಿ ಮೀನಿನ ಆಹಾರದ ಪುಡಿ ಅಂಟಿಕೊಂಡಿತ್ತು, ಕಲ್ಲಿಗೆ ತಿನ್ನಿಸಿದ ಹಾಗೆ.

ಎಲ್ಲವೂ ಅವನ ತಲೆಯಲ್ಲಿ ಒಂದೇ ಏಟಿಗೆ ಹೊಳೆದುಬಿಟ್ಟಿತು. ತಾನು ತೊಳೆಯುವುದು, ಮಾವ ಗುಟ್ಟಾಗಿ ಈ ಕೊಳೆಕಲ್ಲನ್ನು ತೊಟ್ಟಿಗೆ ಇಳಿಬಿಟ್ಟು ನೀರನ್ನು ಕೆಡಿಸುವುದು. ಯಾಕೆ? ಮೀನಿಗೆ ಒಗ್ಗಲಿಲ್ಲ ಎಂದು ನೆಪ ಮಾಡಿಕೊಂಡು ಷಡ್ಡಕನ ಮನೆಗೆ ಹೋಗುವುದಕ್ಕೆ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಯಿತು. ಈ ಮನುಷ್ಯನಿಗಾಗಿ ತಾನು ರೇಷ್ಮೆಯ ಯಂತ್ರ ಓಡಿಸಿದ್ದ.

ಬಕೆಟ್ಟು ಹಿಡಿದು ಹಜಾರಕ್ಕೆ ಬಂದು ಹೆಂಡತಿಯನ್ನು ಕರೆದ. ಮಾವ ತಲೆ ಒರೆಸಿಕೊಳ್ಳುತ್ತ ಸ್ನಾನದ ಮನೆಯಿಂದ ಬಂದರು. ಕಲ್ಲನ್ನು ಕಂಡು ಅವರ ಕೈ ನಿಂತಿತು.

"ಅಳಿಯಂದ್ರೇ, ಅದು ಹೆಚ್ಚುವರಿಗೆ ಅಂತ... ಹಡಗಲ್ಲಿ ನಾವು..."

"ಗೊತ್ತಾಯ್ತು ಬಿಡಿ ಮಾವ. ಎಲ್ಲ ಗೊತ್ತಾಯ್ತು."

"ಏನ್ರೀ, ಅಪ್ಪ ಹೇಳೋದನ್ನ ಒಂಚೂರು..."

"ನಿನಗೂ ಗೊತ್ತಾಗುತ್ತೆ ಬಿಡು," ಎಂದು ಅವನು ಬಾಗಿಲು ದಾಟಿದ. ಆ ಕಲ್ಲಿಗೆ ಅವನು ಮಾಡಿದ ಸೇವೆ ಲಾಂಡ್ರಿಯ ಇತಿಹಾಸದಲ್ಲೇ ಯಾವ ಮದುವೆಯ ಸೂಟಿಗೂ ಸಿಕ್ಕಿರಲಿಲ್ಲ. ತೂತು ಬಿಡದೆ ಉಜ್ಜಿದ, ಕೊಳಾಯಿಯ ಕೆಳಗೆ ಹೊರಳಿಸಿದ, ಮತ್ತೆ ಉಜ್ಜಿದ. ತೊಟ್ಟಿಯಲ್ಲಿದ್ದ ಮಿಕ್ಕ ಕಲ್ಲುಗಳಿಗೂ ಬಳೆಗಳಿಗೂ ಅದೇ ಸತ್ಕಾರ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಕೊಳೆ ಎಂಬುದರ ಲವಲೇಶವೂ ಉಳಿದಿರಲಿಲ್ಲ.

ಸಂಜೆಯ ಚಹಾ ಲೋಟ ಎತ್ತಿಡುವ ಹೊತ್ತಿಗೆ ಕ್ಯಾಪ್ಟನ್ ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಖಲಾಸಿ ಅದರ ಪಕ್ಕದಲ್ಲೇ ಓರೆಯಾಗಿ ತೇಲುತ್ತಿತ್ತು. ಫಳಫಳ ನಳಿಕೆಗೆ ನೀರು ತುಂಬಿ ಔಷಧಿ ಹನಿ ಹಾಕಿ ಅಲ್ಲಾಡಿಸಿದ. ಇಷ್ಟು ದಿನ ಹಸಿರು ಎಂದುಕೊಂಡಿದ್ದದ್ದೆಲ್ಲ ಇದರ ಮುಂದೆ ಹಳದಿಯೇ ಎನ್ನುವಂಥ ಹಸಿರು.

ಮಾವ ತೊಟ್ಟಿಯ ಗಾಜಿಗೆ ಕೈ ಹಚ್ಚಿ ನಿಂತಿದ್ದರು. ಮೀನುಗಳಿಗೆ ಏನೋ ಗುಸುಗುಸು ಹೇಳಿದರು. ಆಮೇಲೆ ತಿರುಗಿ ಮಗಳಿಗೆ, ಇವನ್ನು ಹಿರಿಯವಳ ಮನೆಯ ತೊಟ್ಟಿಗೆ ಸಾಗಿಸಿದರೆ ಉಳಿಯಬಹುದೇನೋ, ತಾನೂ ಜೊತೆಗೆ ಹೋಗಿರುತ್ತೇನೆ ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ, ಅದೇ ಕೇಳುವವರಿಗೆ ಹೆಚ್ಚು ಕಷ್ಟವಾಯಿತು.

ಹೆಂಡತಿ ಗಂಡನನ್ನು ಅಡುಗೆಮನೆಗೆ ಕರೆದಳು. ಕಣ್ಣು ಕೆಂಪಾಗಿತ್ತು. "ನಂಗೆ ಅಪ್ಪ ಸಿಕ್ಕಿದ್ದೇ ಈಗ," ಎಂದಳು. "ಚಿಕ್ಕೋಳಿದ್ದಾಗ ಹಡಗು ಕರ್ಕೊಂಡು ಹೋಗ್ತಿತ್ತು. ಈಗ ನೀವು ಕಳಿಸ್ತಿದೀರಿ. ನಾನು ಹಡಗನ್ನೇ ಕ್ಷಮಿಸಿಲ್ಲ."

ಫಳಫಳನಿಗೆ ಗೊತ್ತಿದ್ದ ಪ್ರಪಂಚದಲ್ಲಿ ಉಪ್ಪುನೀರಿನ ಮೀನು ಸಾಕಿ ಬದುಕಿಸಿಕೊಂಡಿದ್ದ ಮನುಷ್ಯ ಇನ್ನೊಬ್ಬನೇ ಇದ್ದ. ಆ ಬಾಗಿಲಿಗೆ ಹೋಗುವುದಕ್ಕಿಂತ ಕಲೆಯಿರುವ ಅಂಗಿ ಹಾಕಿಕೊಂಡು ಬೀದಿ ಸುತ್ತುವುದು ಸುಲಭವಾಗಿತ್ತು. ಆದರೂ ಚಪ್ಪಲಿ ಮೆಟ್ಟಿದ. ಹಿಂದಿನಿಂದ ಮಾವ, "ಅಳಿಯಂದ್ರೇ, ಇನ್ನೊಂದು..." ಎಂದದ್ದು ಕೇಳಿಸಿತು. "ಗೊತ್ತಾಯ್ತು ಮಾವ, ಈಗ ಬಂದೆ," ಎಂದು ಮೆಟ್ಟಿಲು ಇಳಿದುಬಿಟ್ಟ.

ಷಡ್ಡಕನದು ಡ್ರೈವಿಂಗ್ ಶಾಲೆ. ಕಲಿಯುವವರ ಪಕ್ಕ ಕೂತು ಜೀವಮಾನವೆಲ್ಲ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕಿದ ಮನುಷ್ಯ. ಯಾವುದಕ್ಕೂ ಅವಸರವಿಲ್ಲ. ಅವನ ಮನೆಯ ಪರದೆಗಳ ಮೂಲಬಣ್ಣ ಯಾವುದೆಂದು ಫಳಫಳ ಹಲವು ವರ್ಷಗಳಿಂದ ಊಹಿಸುತ್ತಲೇ ಇದ್ದ. ಕಿಟಕಿಯ ಪಕ್ಕ ಅವನ ತೊಟ್ಟಿ. ಗಾಜಿನ ಮೂರು ಬದಿ ಪಾಚಿ, ಒಳಗೆ ಕಲ್ಲುಗಳ ಮೇಲೆ ಕಂಬಳಿಯಷ್ಟು ಕೊಳೆ. ಆ ಕೊಳೆಯ ನಡುವೆ ಮೀನುಗಳು ಕಣ್ಣು ಕುಕ್ಕುವ ಬಣ್ಣದಲ್ಲಿ, ಮಾವನ ಮನೆಗೆ ಬಂದ ಹೊಸ ಅಳಿಯಂದಿರ ಹಾಗೆ ಠೀವಿಯಿಂದ ಓಡಾಡುತ್ತಿದ್ದವು.

ಫಳಫಳ ನಡೆದದ್ದನ್ನೆಲ್ಲ ಹೇಳಿದ. ಬಲೆಚೀಲದ ಭಾಗ ಬಂದಾಗ ಷಡ್ಡಕ ಸೋಫಾದಲ್ಲಿ ನಿಧಾನಕ್ಕೆ ಒಂದು ಕಡೆಗೆ ವಾಲಿದ. ಮೈ ಕುಲುಕುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು ಕೂತು, ಕಲಿಯುವವರಿಗೆ ಗೇರು ಹೇಳಿಕೊಡುವ ದನಿಯಲ್ಲಿ ವಿವರಿಸಿದ. ಆ ಕಂದು ಪದರ ಕೊಳೆಯಲ್ಲ, ಅದರ ತುಂಬ ಕಣ್ಣಿಗೆ ಕಾಣದ ಸಣ್ಣ ಜೀವಿಗಳಿರುತ್ತವೆ. ಮೀನಿನ ಹೇಲಿನಿಂದ ಹುಟ್ಟುವ ಅಮೋನಿಯಾವನ್ನು ತಿಂದು ತೀರಿಸುವುದೇ ಅವುಗಳ ಕೆಲಸ. ಅವಕ್ಕೆ ಕೊಳಾಯಿಯ ಕ್ಲೋರಿನ್ ಬಿದ್ದರೆ ಸಾಯುತ್ತವೆ, ಬಿಸಿಲಿಗೆ ಒಣಗಿಸಿದರೂ ಸಾಯುತ್ತವೆ.

"ನೀನು ತೊಟ್ಟಿ ತೊಳೀಲಿಲ್ಲ ಮಾರಾಯ," ಎಂದ. "ತೊಟ್ಟಿ ತೊಳೆಯೋ ಕೆಲಸದೋರನ್ನ ತೊಳೆದು ಹಾಕ್ದೆ. ಅದೂ ವಾರಕ್ಕೆರಡು ಸಲ."

"ಹಾಗಾದ್ರೆ ಮಾವನ ಬಕೆಟ್ಟಿನ ಕಲ್ಲು..."

"ಅದರ ಮೇಲೆ ಆ ಜೀವಿಗಳನ್ನ ಸಾಕಿ ಇಟ್ಕೊಂಡಿದ್ರು. ನೀನು ತೊಳೆದು ಅಂಗಡಿಗೆ ಹೋದಾಗೆಲ್ಲ ಅದನ್ನ ತೊಟ್ಟಿಗೆ ಇಳಿಸಿ ಮೀನು ಉಳಿಸ್ತಿದ್ರು, ನೀನು ಬರೋದ್ರೊಳಗೆ ತೆಗೆದು ಬಚ್ಚಿಡ್ತಿದ್ರು ಅನ್ಸುತ್ತೆ. ಆ ಕಲ್ಲು ಈಗ ಎಲ್ಲಿದೆ?"

ಫಳಫಳ ತನ್ನ ಉಗುರುಗಳನ್ನು ನೋಡಿಕೊಂಡ. ಅವು ಬಹಳ ಸ್ವಚ್ಛವಾಗಿದ್ದವು. ಕೊಳಾಯಿಯ ಕೆಳಗೆ ಆ ಕಲ್ಲನ್ನು ಹೊರಳಿಸುವಾಗ ತಾನು ಹಾಡು ಗುನುಗುತ್ತಿದ್ದದ್ದು ನೆನಪಾಯಿತು.

ಆಮೇಲೆ ಅವನು ತನ್ನ ಜನ್ಮದಲ್ಲಿ ಆಡುತ್ತೇನೆಂದು ಎಣಿಸಿರದ ಮಾತನ್ನು ಆಡಿದ. "ನಿಮ್ಮನೇದು ಸ್ವಲ್ಪ ಕೊಳೆ ಕೊಡಿ," ಎಂದ.

ಷಡ್ಡಕ ಆ ಮಾತನ್ನು ಮಿಠಾಯಿಯ ಹಾಗೆ ಚಪ್ಪರಿಸಿದ. ಇನ್ನೊಮ್ಮೆ ಕೇಳುವ ಆಸೆಗೆ ಏನಂದೆ, ಕೇಳಿಸಲಿಲ್ಲ ಎಂದ. ಫಳಫಳ ಇನ್ನೊಮ್ಮೆಯೂ ಹೇಳಿದ. ತೊಟ್ಟಿಯ ಹಿಂದಿನಿಂದ ಕಪ್ಪಗೆ ಜಿನುಗುವ ಸ್ಪಂಜೊಂದನ್ನು ಷಡ್ಡಕ ತೆಗೆದುಕೊಟ್ಟ. ಅದನ್ನು ಒಣಗದಂತೆ ಉಪ್ಪುನೀರಿನ ಸಮೇತ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿದರು. ಆ ಮನೆಯಲ್ಲಿ ಸಿಕ್ಕ ಕವರೂ ಫಳಫಳ ಲಾಂಡ್ರಿಯದೇ, ಮೇಲೆ ದಪ್ಪಕ್ಷರದಲ್ಲಿ 'ಕಲೆಗೆ ಇಲ್ಲಿ ಜಾಗವಿಲ್ಲ' ಎಂದು ಬರೆದಿತ್ತು. ಇದಕ್ಕೆ ಪ್ರತಿಯಾಗಿ ಏನು ಕೊಡಲಿ ಎಂದು ಫಳಫಳ ಉಪಚಾರಕ್ಕೆ ಕೇಳಿದ್ದೇ ತಪ್ಪಾಯಿತು. ಷಡ್ಡಕ ಮನೆಯನ್ನೆಲ್ಲ ಒಂದು ಸುತ್ತು ನೋಡಿ, ಪರದೆಗಳನ್ನು ತೋರಿಸಿದ. ಆಮೇಲೆ ಸೋಫಾದ ಹೊದಿಕೆ ತೋರಿಸಿದ. ಆಮೇಲೆ, ಡ್ರೈವಿಂಗ್ ಶಾಲೆಯ ಕಾರುಗಳ ಸೀಟಿನ ಬಟ್ಟೆಯೂ ಸ್ವಲ್ಪ ಮಾಸಿದೆ ಎಂದ. ಫಳಫಳ ಎಲ್ಲದಕ್ಕೂ ಹೂಂ ಎಂದ. ದಾರಿಯುದ್ದಕ್ಕೂ ಕವರನ್ನು ಎದೆಗವಚಿಕೊಂಡು ಬಂದ. ಕವರಿನ ಮೂಲೆಯಿಂದ ಸೋರಿದ ಕಪ್ಪು ನೀರು ಅವನ ಬಿಳಿ ಅಂಗಿಯ ಮೇಲೆ ಹೊಟ್ಟೆಯವರೆಗೆ ಹರಿದಿತ್ತು. ಬೀದಿಯವರು ತಿರುಗಿ ತಿರುಗಿ ನೋಡಿದರು. ಅವನಿಗೆ ಅದರ ಕಡೆ ಗಮನವಿರಲಿಲ್ಲ, ಕ್ಯಾಪ್ಟನ್ನಿನ ತೆರೆದ ಬಾಯಿಯೇ ಕಣ್ಣೆದುರಿಗಿತ್ತು.

ಬಾಗಿಲು ತೆರೆದದ್ದು ಹೆಂಡತಿ. ಅವಳ ಕೂದಲು ಕೆದರಿತ್ತು, ತೋಳು ಮೊಣಕೈವರೆಗೆ ಒದ್ದೆ. ಹಜಾರದಲ್ಲಿ ಬಕೆಟ್ಟುಗಳ ಸಾಲು. ತೊಟ್ಟಿಯ ಅರ್ಧ ನೀರನ್ನು ತೆಗೆದು ಹೊಸ ಉಪ್ಪುನೀರು ಬೆರೆಸಿದ್ದರು. ಕ್ಯಾಪ್ಟನ್ ಕೆಳಗಿಳಿದು, ತಳದ ಹತ್ತಿರ ಮೆಲ್ಲಗೆ ಈಜುತ್ತಿತ್ತು. ಖಲಾಸಿ ಅದರ ಬಾಲದ ಹಿಂದೆ, ಎಂದಿನಂತೆ. ಮಾವ ನಳಿಕೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಇನ್ನೂ ಪೂರ್ತಿ ಅಲ್ಲ, ಆದರೆ ಹಸಿರು ಸೋತು ಹಳದಿ ಮೇಲೆ ಬಂದಿತ್ತು.

ಬೆಳ್ಳನೆಯ ಕಲ್ಲುಗಳ ನಡುವೆ, ಎಲ್ಲಕ್ಕಿಂತ ಮುಂದೆ, ಒಂದು ಕಂದುಕಲ್ಲು ಕೂತಿತ್ತು. ಕಂದು, ನೇರಳೆ, ಲೋಳೆ. ಮಂಚದ ಕೆಳಗೆ ಸಿಕ್ಕಿದ್ದಕ್ಕಿಂತ ಎರಡರಷ್ಟು ದೊಡ್ಡದು.

ಫಳಫಳ ಅದನ್ನು ನೋಡಿದ, ಕೈಯಲ್ಲಿದ್ದ ಕವರನ್ನು ನೋಡಿದ, ಮಾವನನ್ನು ನೋಡಿದ. ಬಾಯಿ ತೆರೆದ. ಬಂದ ಮಾತನ್ನು ನುಂಗಿ, ಮೀನುತೊಟ್ಟಿಯ ಮುಂದಿದ್ದ ಕುರ್ಚಿಯನ್ನು ಮಾವನ ಕಡೆ ಎಳೆದು, ತಾನು ನೆಲದ ಮೇಲೆ ಕೂತ.

"ಮಾವ," ಎಂದ, "ನೀವು ಏನೋ ಹೇಳ್ಬೇಕು ಅಂತಿದ್ರಿ."

ಮಾವ ನಂಬಿಕೆ ಬಾರದೆ ಒಂದು ಗಳಿಗೆ ಕಾದರು. ಅಳಿಯನ ಬಾಯಿ ಮುಚ್ಚಿಯೇ ಇತ್ತು. ಆಗ ಅವರು ಕುರ್ಚಿಯಲ್ಲಿ ಕೂತು, ಇಷ್ಟು ದಿನಗಳ ಬಾಕಿ ವಾಕ್ಯವನ್ನು ಶುರುವಿನಿಂದ ಹೇಳಿದರು.

"ಅಳಿಯಂದ್ರೇ, ಆ ಕಲ್ಲು ತೊಳೀಬಾರದು ಅಂತ ಹೇಳ್ಬೇಕಿತ್ತು. ನೀವು ಅಷ್ಟು ಇಷ್ಟಪಟ್ಟು ತೊಳೀತಿದ್ರಿ, ಹೇಳೋಕೆ ಮನಸ್ಸು ಬರ್ಲಿಲ್ಲ. ಹಡಗಲ್ಲಿ ಎಲ್ಲದಕ್ಕೂ ಒಂದು ಹೆಚ್ಚುವರಿ ಇರುತ್ತೆ. ಹೆಚ್ಚುವರಿಗೂ ಒಂದು ಹೆಚ್ಚುವರಿ ಇರುತ್ತೆ. ಮಂಚದ ಕೆಳಗಿಂದು ಮೊದಲನೇದು. ಇದು ಎರಡನೇದು. ಇದನ್ನೂ ತೊಳೆದುಬಿಡ್ತೀರೇನೋ ಅಂತ ಮೊದಲು ಬಾಯಿ ಬಿಡ್ಲಿಲ್ಲ, ನೀವು ಹೊರಡುವಾಗ ಅದನ್ನೇ ಹೇಳೋಕೆ ಬಂದೆ."

"ಇದನ್ನ ಎಲ್ಲಿಟ್ಟಿದ್ರಿ ಮಾವ?"

ಮಾವ ಮಗಳ ಕಡೆ ನೋಡಿದರು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೆಚ್ಚಗಿರಬೇಕು ನೋಡಿ, ನೀವು ಕೈ ಹಾಕದ ಜಾಗವೂ ಆಗಿರಬೇಕು," ಎಂದರು ಮಾವ. "ನಿಮ್ಮ ಲಾಂಡ್ರಿ ಬಾಯ್ಲರ್ ಹಿಂದೆ ಗಂಜಿಯ ಹಳೇ ಡ್ರಮ್ ಇದೆಯಲ್ಲ, ಅದರೊಳಗೆ. ಬಂದ ಮೊದಲನೇ ವಾರದಿಂದ ಅಲ್ಲೇ ಇದೆ. ಮೀನಿನ ಊಟ ತರೋಕೆ ನಿಮ್ಮ ಅಂಗಡಿಗೆ ಬರ್ತಿದ್ನಲ್ಲ, ಹಾಗೇ ಇದಕ್ಕೂ ಒಂಚೂರು ಹಾಕಿ ಬರ್ತಿದ್ದೆ."

ಇಷ್ಟು ದಿನವೂ ಅವನು ಆ ಬಾಯ್ಲರಿನ ಮುಂದೆಯೇ ನಿಂತು, ಈ ಅಂಗಡಿಯೊಳಗೆ ಎಳ್ಳಷ್ಟು ಕೊಳೆ ತೋರಿಸಿದವರಿಗೆ ಒಂದು ವರ್ಷ ಪುಕ್ಕಟೆ ಇಸ್ತ್ರಿ ಎಂದು ಗಿರಾಕಿಗಳಿಗೆ ಸವಾಲು ಹಾಕುತ್ತಿದ್ದ. ಆ ಸವಾಲಿನ ಬೆನ್ನಿಗೇ, ಗಂಜಿಯ ಡ್ರಮ್ಮಿನಲ್ಲಿ, ಊರಿನ ಅತ್ಯಂತ ಆರೋಗ್ಯವಂತ ಕೊಳೆ ದಿನಕ್ಕೊಂದು ಸುತ್ತು ಬೆಳೆಯುತ್ತ ಕೂತಿತ್ತು.

ಮೊದಲು ನಕ್ಕದ್ದು ಹೆಂಡತಿ. ಆಮೇಲೆ ಮಾವ ನಕ್ಕರು. ಹಡಗಿನ ಭೋಂಗಾದಂಥ ಆ ನಗುವನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ, ಮಗಳು ಅದನ್ನು ಕೇಳುತ್ತ ಕೇಳುತ್ತ ಅತ್ತೂ ಬಿಟ್ಟಳು. ಫಳಫಳನಿಗೂ ನಗು ತಡೆಯಲಾಗಲಿಲ್ಲ. ನಕ್ಕು ಸುಸ್ತಾದ ಮೇಲೆ ಅವನು ಭಯದಿಂದಲೇ, ಹಾಗಾದರೆ ನೀವು ಆ ಮನೆಗೆ ಹೋಗುವುದು ಎಂದು ಕೇಳಲು ಹೊರಟ.

"ಗೊತ್ತಾಯ್ತು ಬಿಡಿ ಅಳಿಯಂದ್ರೇ," ಎಂದರು ಮಾವ. "ನಾನು ಎಲ್ಲಿಗೂ ಹೋಗೋದಿಲ್ಲ. ನಿಮ್ಮ ಕೈಗೆ ಈ ಮೀನು ಬಿಟ್ಟು ಹೋಗೋಕೆ ಆಗುತ್ತಾ?"

ಉಳಿದದ್ದು ಷಡ್ಡಕನ ಸ್ಪಂಜು. ಬೇಕಾಗಿಲ್ಲವಲ್ಲ, ಎಸೆಯಲೇ ಎಂದು ಫಳಫಳ ಕವರು ಎತ್ತಿದ. ಮಾವ ತಲೆಯಾಡಿಸಿದರು. ಈಗ ಮೊದಲನೆಯ ಹೆಚ್ಚುವರಿ ತೊಳೆದುಹೋಗಿದೆ, ಎರಡನೆಯದು ತೊಟ್ಟಿಗೆ ಬಂದಿದೆ. ಹಡಗಿನ ನಿಯಮದ ಪ್ರಕಾರ ಹೊಸದೊಂದು ಬೇಕೇ ಬೇಕು. ಅದನ್ನು ಎಲ್ಲಿಡುವುದೆಂದು ಹೆಂಡತಿ ಯೋಚಿಸುವ ನಟನೆಯನ್ನೂ ಮಾಡಲಿಲ್ಲ.

"ಬಕೆಟ್ಟು ನಿಮ್ಮ ಮಂಚದ ಕೆಳಗೆ," ಎಂದಳು. "ದಿನಾ ಒಂದು ಚಿಟಿಕೆ ಊಟ ಹಾಕ್ಬೇಕು. ನೀರು ಆರದ ಹಾಗೆ ನೋಡ್ಕೋಬೇಕು. ಏನಾದ್ರೂ ಬೆಳ್ಳಗೆ ಕಂಡ್ರೆ, ನೋಡಿ, ಅಪ್ಪನ್ನ ಅಲ್ಲ, ನಿಮ್ಮನ್ನ ಅಕ್ಕನ ಮನೆಗೆ ಕಳಿಸ್ತೀನಿ."

ಮರುದಿನ ಬೆಳಿಗ್ಗೆ ಷಡ್ಡಕನ ಪರದೆಗಳು ಗಂಟುಗಂಟಾಗಿ ಲಾಂಡ್ರಿಗೆ ಬಂದು ಇಳಿಯುವಾಗ, ಫಳಫಳ ಮನೆಯಲ್ಲಿ ಮಂಚದ ಕೆಳಗೆ ಬೋರಲು ಮಲಗಿ, ಬಕೆಟ್ಟಿನೊಳಕ್ಕೆ ಬ್ಯಾಟರಿಯ ಬೆಳಕು ಬಿಟ್ಟು, ಕರಿಯ ಸ್ಪಂಜಿಗೆ ಒಂದು ಚಿಟಿಕೆ ಊಟ ಹಾಕುತ್ತಿದ್ದ. ನಿನ್ನೆಗಿಂತ ಒಂದಿಷ್ಟು ಹೆಚ್ಚು ಕೊಳಕಾಗಿದೆ ಎನ್ನಿಸಿ ಅವನ ಮುಖ ಅರಳಿತು. ಹೆಂಡತಿಯನ್ನೂ ಮಾವನನ್ನೂ ಕೂಗಿ ಕರೆದು ತೋರಿಸಿದ.